ರದ್ದಿಯ ಪಾಲಾದ ವೀರರು

ಚಿತ್ರಕಥೆಗಳನ್ನು ಸಾಹಿತ್ಯವೆಂದು ಪರಿಗಣಿಸುವ ಪರಿಪಾಠ ನಮ್ಮಲ್ಲಿಲ್ಲ. ಓದಿ ಮುಗಿಸಿದ ಮೇಲೆ ಕಿರಾಣಿ ಅಂಗಡಿಯ ಪೊಟ್ಟಣವಾಗುವುದು ಅಥವಾ ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗುವುದೇ ಅವುಗಳಿಗೆ ನಾವು ನಿಗದಿಪಡಿಸಿರುವ ಗತಿ. ಆದರೆ ಒಂದು ಭಾಷೆಯ ಮಕ್ಕಳು ಯಾವ ವೀರರನ್ನು ನೆಚ್ಚಿಕೊಂಡು ಬೆಳೆದರು, ಯಾವ ಮಾಯಾಲೋಕಗಳಲ್ಲಿ ವಿಹರಿಸಿದರು ಎಂಬುದು ಆ ಭಾಷೆಯ ಸಾಂಸ್ಕೃತಿಕ ಚರಿತ್ರೆಯ ಭಾಗವಲ್ಲವೇ? ಈ ಪ್ರಶ್ನೆಯನ್ನು ಕನ್ನಡಿಗರು ಗಂಭೀರವಾಗಿ ಕೇಳಿಕೊಂಡಂತಿಲ್ಲ.

ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ಹೇಗೋ ಉಳಿದುಕೊಂಡ ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರಕಥೆ, ಚಂದಮಾಮ ಮತ್ತು ಬಾಲಮಂಗಳಗಳ ಕಟ್ಟುಗಳನ್ನು ಕೆಲವು ತಿಂಗಳುಗಳಿಂದ ಮತ್ತೆ ಓದುತ್ತಿದ್ದೇನೆ. ಇದು ಕಳೆದ ಕಾಲದ ಹಂಬಲವೆಂದು ಮಿತ್ರರು ನಗುತ್ತಾರೆ. ಬರೀ ಹಂಬಲವಾಗಿದ್ದರೆ ಅದನ್ನು ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ಈ ಮರು ಓದು ನಮ್ಮ ನಾಡಿನ ಒಂದು ಮರೆತ ಹೆಗ್ಗಳಿಕೆಯತ್ತಲೂ, ಅದನ್ನು ಕಾಪಾಡಿಕೊಳ್ಳದ ನಮ್ಮ ಉದಾಸೀನದತ್ತಲೂ ಬೆರಳು ತೋರಿಸುತ್ತದೆ.

ಅಮರ ಚಿತ್ರಕಥೆ ಎಂದೊಡನೆ 1967ನೆಯ ಇಸವಿ ಹಾಗೂ ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಅವರ ಹೆಸರು ನೆನಪಾಗುತ್ತವೆ. ಮಾಲಿಕೆಗೆ ಅಖಿಲ ಭಾರತ ರೂಪ ಕೊಟ್ಟ ಕೀರ್ತಿ ನಿಸ್ಸಂಶಯವಾಗಿ ಪೈ ಅವರದು. ಆದರೆ ಅದು ಮೊದಲು ಹುಟ್ಟಿದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ 1965ರಲ್ಲಿ ಸಿಂಡ್ರೆಲಾ, ಅಲ್ಲಾದೀನ್, ಪಿನೋಕಿಯೊ ಮುಂತಾದ ಹತ್ತು ಪಾಶ್ಚಾತ್ಯ ಅದ್ಭುತ ಕಥೆಗಳು ಕನ್ನಡ ಚಿತ್ರಕಥೆಗಳಾಗಿ ಪ್ರಕಟವಾದವು. ಅವು ಗೆದ್ದುದರಿಂದಲೇ ಪ್ರಕಾಶಕರಿಗೆ ಮುಂದಿನ ಹೆಜ್ಜೆಗೆ ಧೈರ್ಯ ಬಂತು. ಇಂಗ್ಲಿಷಿನಲ್ಲಿ ಹೊರಬಂದ ‘ಕೃಷ್ಣ’ ಪುಸ್ತಿಕೆಗೆ ಹನ್ನೊಂದನೆಯ ಸಂಖ್ಯೆ ಬಂದದ್ದು ಆ ಮೊದಲ ಹತ್ತರ ಕಾರಣದಿಂದ. ದೇಶದ ಅತ್ಯಂತ ಪ್ರಸಿದ್ಧ ಚಿತ್ರಕಥಾ ಮಾಲಿಕೆಗೆ ಕನ್ನಡವೇ ತವರು ಎಂಬ ಸಂಗತಿ ನಮ್ಮ ಎಷ್ಟು ಶಾಲಾ ಮಕ್ಕಳಿಗೆ ತಿಳಿದಿದೆ?

ಇನ್ನು ಇಂದ್ರಜಾಲದ ಮಾತು. ಟೈಮ್ಸ್ ಆಫ್ ಇಂಡಿಯಾ ಬಳಗವು 1964ರ ಮಾರ್ಚ್‌ನಲ್ಲಿ ಆರಂಭಿಸಿದ ಈ ಮಾಲಿಕೆ 1990ರಲ್ಲಿ ನಿಲ್ಲುವ ವೇಳೆಗೆ ಎಂಟು ನೂರಕ್ಕೂ ಹೆಚ್ಚು ಸಂಚಿಕೆಗಳನ್ನು ಕಂಡಿತ್ತು. ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಅದು ಬರುತ್ತಿತ್ತು. ಅದರ ಮುಖ್ಯ ನಾಯಕ ಫ್ಯಾಂಟಮ್, ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಮುಸುಕುಧಾರಿ. ಅವನಿಗಿಂತ ಎರಡು ವರ್ಷ ಹಿರಿಯನಾದ ಜಾದೂಗಾರ ಮಾಂಡ್ರೇಕ್ ಕೂಡ ಫಾಕ್ ಅವರದೇ ಕೂಸು.

ಈ ಕಥೆಗಳನ್ನು ಪ್ರೌಢ ವಯಸ್ಸಿನಲ್ಲಿ ಓದುವಾಗ ಬಾಲ್ಯದ ಕಣ್ಣಿಗೆ ಬೀಳದ ಅನೇಕ ಸಂಗತಿಗಳು ಎದ್ದು ಕಾಣುತ್ತವೆ. ಆಫ್ರಿಕದ ಕಾಡಿನ ಮೂಲನಿವಾಸಿಗಳಿಗೆ ಇಪ್ಪತ್ತೊಂದು ತಲೆಮಾರುಗಳಿಂದ ಒಂದು ಬಿಳಿಯ ಮನೆತನವೇ ಕಾವಲು. ಅವನಿಗೆ ಸಾವಿಲ್ಲವೆಂಬ ಮುಗ್ಧ ನಂಬಿಕೆಯೇ ಆ ಕಾಡಿನ ಶಾಂತಿಗೆ ಆಧಾರ. ಆಫ್ರಿಕದ ರಾಜಕುಮಾರನಾದ ಲೋಥಾರ್, ಮಾಂಡ್ರೇಕನ ಮನೆಯಲ್ಲಿ ಸೇವಕ. ವಸಾಹತುಶಾಹಿಯ ಅಹಂಕಾರ ಈ ಕಲ್ಪನೆಗಳಲ್ಲಿ ಹಾಸುಹೊಕ್ಕಾಗಿದೆ ಎಂಬುದನ್ನು ಅಲ್ಲಗಳೆಯಲಾಗದು.

ಹಾಗೆಂದು ಇವನ್ನು ಸುಟ್ಟುಬಿಡಬೇಕೇ? ಖಂಡಿತ ಇಲ್ಲ. ಸಾಲಾಗಿ ಓದಿದವರಿಗೆ ಕಾಲದೊಂದಿಗೆ ಈ ಕಥೆಗಳೂ ಬದಲಾದದ್ದು ಕಾಣುತ್ತದೆ. ಆಫ್ರಿಕದ ರಾಷ್ಟ್ರಗಳು ಒಂದೊಂದಾಗಿ ಸ್ವತಂತ್ರವಾದ ಮೇಲೆ ಫ್ಯಾಂಟಮ್ ಕಥೆಗಳಲ್ಲಿ ಲುವಾಗಾ ಎಂಬ ಆಫ್ರಿಕದ ವೈದ್ಯ ಚುನಾಯಿತ ಅಧ್ಯಕ್ಷನಾಗುತ್ತಾನೆ. 1965ರಲ್ಲಿ ಫ್ರೆಡ್ ಫ್ರೆಡರಿಕ್ಸ್ ಮಾಂಡ್ರೇಕ್ ಚಿತ್ರಿಸಲು ಬಂದ ಮೇಲೆ ಲೋಥಾರ್ ಸೇವಕನ ತೊದಲು ಮಾತನ್ನು ಬಿಟ್ಟು ಸಮಾನ ಗೆಳೆಯನಂತೆ ಮಾತನಾಡತೊಡಗುತ್ತಾನೆ. ಭಾರತೀಯ ಸಂಪಾದಕರೂ ಸುಮ್ಮನಿರಲಿಲ್ಲ. ಬಂಗಾಳವನ್ನು ನೆನಪಿಸುವ ‘ಬೆಂಗಲ್ಲಾ’ ಇಲ್ಲಿ ‘ಡೆಂಕಾಲಿ’ಯಾಯಿತು, ‘ಸಿಂಘ್’ ಕಡಲ್ಗಳ್ಳರು ‘ಸಿಂಗಾ’ಗಳಾದರು. ಹೊರಗಿನಿಂದ ಬಂದ ಕಥೆಯನ್ನು ನಮ್ಮವರು ಕಣ್ಣು ಮುಚ್ಚಿ ಒಪ್ಪಿಕೊಳ್ಳಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಅದೇ ಇಂದ್ರಜಾಲದಲ್ಲಿ 1976ರ ಡಿಸೆಂಬರ್‌ನಲ್ಲಿ ಆಬಿದ್ ಸುರ್ತಿ ಅವರ ‘ಬಹಾದ್ದೂರ್’ ಕಾಣಿಸಿಕೊಂಡ. ಚಿತ್ರಗಳನ್ನು ಬರೆದವರು ಗೋವಿಂದ ಬ್ರಹ್ಮಾನಿಯಾ. ಬಹಾದ್ದೂರ್ ಪೊಲೀಸರ ಗುಂಡಿಗೆ ಬಲಿಯಾದ ದರೋಡೆಕೋರನ ಮಗ. ಆ ಪೊಲೀಸ್ ಅಧಿಕಾರಿಯೇ ಅವನನ್ನು ಸಾಕಿ ಬೆಳೆಸುತ್ತಾನೆ. ಮೈಮೇಲೆ ಕುರ್ತಾ, ಕೆಳಗೆ ಜೀನ್ಸ್ ತೊಟ್ಟ ಈ ನಾಯಕನಿಗೆ ಅತಿಮಾನುಷ ಶಕ್ತಿ ಇಲ್ಲ. ಊರವರನ್ನು ಒಗ್ಗೂಡಿಸಿ ನಾಗರಿಕ ರಕ್ಷಣಾ ಪಡೆ ಕಟ್ಟುವುದೇ ಅವನ ಶಕ್ತಿ. ಅವನ ಗೆಳತಿ ಬೇಲಾ ಕೂಡ ರಕ್ಷಣೆಗಾಗಿ ಕೂಗಿಕೊಳ್ಳುವ ಅಬಲೆಯಲ್ಲ, ಸ್ವತಃ ಹೋರಾಡಬಲ್ಲವಳು. ಆಕಾಶದಿಂದ ಇಳಿದು ಬಂದು ನಗರಗಳನ್ನು ಉಳಿಸುವ ಇಂದಿನ ಸಿನಿಮಾ ವೀರರಿಗಿಂತ, ಜನರನ್ನೇ ವೀರರನ್ನಾಗಿಸಿದ ಈ ಹಳೆಯ ನಾಯಕ ನನಗೆ ಹೆಚ್ಚು ಪ್ರಸ್ತುತನೆನಿಸುತ್ತಾನೆ.

ನಮ್ಮ ಭಾಗಕ್ಕೆ ಈ ಪುಸ್ತಿಕೆಗಳ ಋಣ ಇನ್ನೂ ಒಂದು ಬಗೆಯದು. ಕಲಬುರಗಿಯ ಓಣಿಗಳಲ್ಲಿ ಕನ್ನಡದ ಜೊತೆಗೆ ದಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿ ಮಾತುಗಳು ಕೇಳುತ್ತವೆ. ಮನೆಮಾತು ಬೇರೆಯಾದ ಮಗುವಿಗಷ್ಟೇ ಅಲ್ಲ, ‘ಏನ್ ಮಾಡ್ಲಿಕತ್ತೀರಿ’ ಎನ್ನುವ ಕನ್ನಡದ ಮಗುವಿಗೂ ಪಠ್ಯಪುಸ್ತಕದ ಗ್ರಾಂಥಿಕ ಕನ್ನಡ ಅರ್ಧ ಪರಭಾಷೆಯೇ. ಡೆಂಕಾಲಿಯ ವೀರನೂ ಆ ಗ್ರಾಂಥಿಕ ಕನ್ನಡವನ್ನೇ ಆಡುತ್ತಿದ್ದ. ಆದರೆ ಅವನ ಮಾತಿನ ಪಕ್ಕದಲ್ಲಿ ಚಿತ್ರವಿತ್ತು. ತಿಳಿಯದ ಪದದ ಅರ್ಥವನ್ನು ಎತ್ತಿದ ಮುಷ್ಟಿ, ಓಡುವ ಕುದುರೆಗಳು ಹೇಳಿಕೊಡುತ್ತಿದ್ದವು. ಮುಂದೇನಾಯಿತೆಂಬ ಕುತೂಹಲಕ್ಕೆ ಪುಟ ತಿರುಗಿಸುತ್ತ ಹೋದ ಅನೇಕರು ಹೀಗೆಯೇ ಓದುಗರಾದದ್ದನ್ನು ನಾನು ಹತ್ತಿರದಿಂದ ಬಲ್ಲೆ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲಿಯೇ ಕೊನೆಯ ಸ್ಥಾನಕ್ಕೆ ಇಳಿಯಿತು. ಚಿತ್ರಕಥೆಗಳಿಂದ ಫಲಿತಾಂಶ ಸುಧಾರಿಸುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಸಂತೋಷಕ್ಕಾಗಿ ಓದುವ ಅಭ್ಯಾಸವೇ ಇಲ್ಲದ ಮಗುವಿನಿಂದ ಪರೀಕ್ಷೆಗಾಗಿ ಮಾತ್ರ ಓದನ್ನು ನಿರೀಕ್ಷಿಸುವುದು ಎಷ್ಟು ಸರಿ?

ಮಕ್ಕಳಿಗೆ ಅಂಥ ಓದು ಒದಗಿಸುತ್ತಿದ್ದ ದಾರಿಗಳು ಒಂದೊಂದಾಗಿ ಮುಚ್ಚಿವೆ. ಕನ್ನಡದಲ್ಲಿ 1949ರಿಂದ ಬರುತ್ತಿದ್ದ, ಬೇತಾಳನನ್ನೂ ಮಾಂತ್ರಿಕರನ್ನೂ ಮನೆಮನೆಗೆ ತಂದ ‘ಚಂದಮಾಮ’ದ ಮುದ್ರಣ 2013ರ ಹೊತ್ತಿಗೆ ನಿಂತುಹೋಯಿತು. ಮಲಯಾಳಂನ ‘ಡಿಂಕನ್’ ಎಂಬ ಇಲಿ ‘ಬಾಲಮಂಗಳ’ದಲ್ಲಿ ‘ಡಿಂಗ’ನಾಗಿ ಕನ್ನಡ ಮಕ್ಕಳ ಮುದ್ದಿನ ಮಹಾವೀರನಾಗಿದ್ದ, ಇಂದಿನ ಮಕ್ಕಳಿಗೆ ಅವನ ಹೆಸರೂ ತಿಳಿಯದು. ಬೆಂಗಳೂರಿನಲ್ಲಿ 2012ರಲ್ಲಿ ಮೊದಲ ಕಾಮಿಕ್ ಕಾನ್ ನಡೆದ ಮೇಲೆ ಹಳೆಯ ಚಿತ್ರಕಥೆಗಳ ಅಭಿಮಾನಕ್ಕೆ ಹೊಸ ಮೆರುಗು ಬಂದಿರುವುದು ನಿಜ. ಆದರೆ ಆ ಸಡಗರದ ಭಾಷೆ ಬಹುಮಟ್ಟಿಗೆ ಇಂಗ್ಲಿಷ್. ಇಂಗ್ಲಿಷ್ ಮತ್ತು ಹಿಂದಿಯ ಹಳೆಯ ಸಂಚಿಕೆಗಳಿಗೆ ಸಂಗ್ರಾಹಕರಿದ್ದಾರೆ, ಬೆಲೆ ಇದೆ. ಕನ್ನಡದ ಪ್ರತಿಗಳನ್ನು ಕೇಳುವವರಾರು?

ನನ್ನಲ್ಲಿ ಎರಡೆರಡಿದ್ದ ಕೆಲವು ಸಂಚಿಕೆಗಳನ್ನು ಒಂದು ಗ್ರಂಥಾಲಯಕ್ಕೆ ಕೊಡಲು ಹೋಗಿದ್ದೆ. ಇವು ಪುಸ್ತಕಗಳೂ ಅಲ್ಲ, ನಿಯತಕಾಲಿಕಗಳೂ ಅಲ್ಲ, ಯಾವ ವಹಿಯಲ್ಲಿ ದಾಖಲಿಸುವುದು ಎಂಬ ಉತ್ತರ ದೊರೆಯಿತು. ಉತ್ತರಿಸಿದವರನ್ನು ದೂರಿ ಪ್ರಯೋಜನವಿಲ್ಲ. ವಹಿಯಲ್ಲಿ ಅಂಥ ಕಲಮೇ ಇಲ್ಲದಿದ್ದರೆ ಅವರಾದರೂ ಏನು ಮಾಡಿಯಾರು? ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ರೂಪುಗೊಂಡದ್ದು, ಆ ಮೊದಲ ಹತ್ತು ಕನ್ನಡ ಚಿತ್ರಕಥೆಗಳು ಬಂದ 1965ರಲ್ಲಿಯೇ. ಆಸ್ತಿ ತೆರಿಗೆಯೊಡನೆ ನಾಗರಿಕರು ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ಹೀಗಿರುವಾಗ ಆ ಹಣದಲ್ಲಿ ಒಂದು ಕಪಾಟನ್ನು ಕೇಳುವುದು ದುರಾಸೆಯೇನಲ್ಲ.

ಮಾಡಬೇಕಾದುದು ದೊಡ್ಡ ಯೋಜನೆಯೂ ಅಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಕನ್ನಡ ಚಿತ್ರಕಥೆಗಳಿಗೆಂದೇ ಒಂದು ವಿಭಾಗ ತೆರೆದು, ಮನೆಗಳಲ್ಲಿ ಉಳಿದಿರುವ ಪ್ರತಿಗಳನ್ನು ನೀಡುವಂತೆ ಸಾರ್ವಜನಿಕರನ್ನು ಕೇಳಲಿ. ಕೃತಿಸ್ವಾಮ್ಯದ ತೊಡಕನ್ನು ಕೆಲವರು ಮುಂದೊಡ್ಡಬಹುದು. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿರುವ ಮುದ್ರಿತ ಕೃತಿಯನ್ನು ಸಂರಕ್ಷಣೆಗಾಗಿ ಗಣಕೀಕರಿಸಿ ಇಟ್ಟುಕೊಳ್ಳಲು 2012ರ ತಿದ್ದುಪಡಿ ಅವಕಾಶ ನೀಡಿದೆ. ಮುಖ್ಯವಾದ ಅಂಶವೆಂದರೆ, ಮುದ್ರಿತ ಪ್ರತಿ ಗ್ರಂಥಾಲಯದ ಬಳಿ ಮೊದಲೇ ಇರಬೇಕು. ಇಂದು ರದ್ದಿಗೆ ಹೋದ ಪ್ರತಿಯನ್ನು ನಾಳೆ ಯಾವ ಕಾಯ್ದೆಯೂ ಮರಳಿ ತಂದುಕೊಡದು. ಗುಲ್ಬರ್ಗಾ ವಿಶ್ವವಿದ್ಯಾಲಯ ಮತ್ತು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಈ ಅನುವಾದಗಳನ್ನು ಅಧ್ಯಯನಕ್ಕೆ ಎತ್ತಿಕೊಳ್ಳಬಹುದು.

ಇದು ನಗರಕ್ಕೇ ಸೀಮಿತವಾಗಬೇಕಿಲ್ಲ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಉಚಿತ ಸದಸ್ಯರನ್ನಾಗಿ ಕರೆತಂದಿತು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿಯೂ ಅಂಥ ಮಕ್ಕಳಿದ್ದಾರೆ. ಸ್ಪರ್ಧಾತ್ಮಕ ಪರೀಕ್ಷೆಗಳ ಮಾರ್ಗದರ್ಶಿಗಳ ನಡುವೆ ಅವರಿಗಾಗಿ ಒಂದಷ್ಟು ಚಿತ್ರಕಥೆಗಳೂ ಇರಲಿ. ಹಳೆಯವುಗಳಲ್ಲಿ ತಪ್ಪು ಕಂಡಲ್ಲಿ, ಬಿಳಿಯನೇ ಏಕೆ ಕಾಡಿನ ಒಡೆಯ, ರಾಕ್ಷಸರೆಲ್ಲ ಏಕೆ ಕಪ್ಪು ಎಂದು ಮಕ್ಕಳೇ ಕೇಳುವಂತೆ ಶಿಕ್ಷಕರು ಪ್ರೇರೇಪಿಸಲಿ. ಪ್ರಶ್ನೆ ಕೇಳುತ್ತ ಬೆಳೆದ ಮಕ್ಕಳೇ ಮುಂದೆ ಮಳಖೇಡದ, ಸುರಪುರದ ಕಥೆಗಳನ್ನು ತಮ್ಮ ಕನ್ನಡದಲ್ಲಿ ಚಿತ್ರಿಸಿಯಾರು. 1965ರಲ್ಲಿ ದೇಶಕ್ಕೇ ಮುಂಚಿತವಾಗಿ ಹೆಜ್ಜೆ ಇಟ್ಟ ಭಾಷೆಗೆ ಅದು ಅಸಾಧ್ಯವೇನಲ್ಲ. ಆದರೆ ಆ ಹೆಜ್ಜೆಗುರುತನ್ನೇ ರದ್ದಿಗೆ ತೂಗಿಬಿಟ್ಟರೆ, ಹೊಸದನ್ನು ಎಲ್ಲಿಂದ ಆರಂಭಿಸಬೇಕೆಂದು ಅವರಿಗೆ ಹೇಳುವವರು ಯಾರು?