ಸೊನ್ನೆಯಿಂದ ನೂರು ಬೇಡ, ನಲವತ್ತರಿಂದ ಎಂಬತ್ತು ಹೇಳಿ

ನಮ್ಮ ಹಾಸ್ಟೆಲ್‌ನಲ್ಲಿ ಕಾರಿನ ಮಾತು ಬಂದರೆ ಮೊದಲ ಪ್ರಶ್ನೆ ಒಂದೇ. ‘ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಮಗಾ?’ ಕೇಳಿದವನ ಬಳಿಯೂ ಕಾರಿಲ್ಲ, ಉತ್ತರ ಹೇಳುವವನ ಬಳಿಯೂ ಇಲ್ಲ. ಇರುವುದು ಬಸ್ ಪಾಸ್. ಆದರೂ ಪೋಲೊ ಜಿಟಿ ಟಿಎಸ್‌ಐ, ಐ20 ಎನ್ ಲೈನ್, ಆಲ್ಟ್ರೋಜ್ ಐಟರ್ಬೊ, ಬಲೆನೊ ಆರ್‌ಎಸ್ ಎಂದರೆ ಸಾಕು, ಯಾವುದಕ್ಕೆ ಎಷ್ಟು ಪಿಎಸ್ ಎಂದು ನಿದ್ದೆಗಣ್ಣಲ್ಲೂ ಒಪ್ಪಿಸುತ್ತೇವೆ. ಥರ್ಮೊಡೈನಮಿಕ್ಸ್ ಸೂತ್ರಗಳು ಮಾತ್ರ ಪರೀಕ್ಷೆ ಹಾಲ್‌ನಲ್ಲಿ ಕೈಕೊಡುತ್ತವೆ.

ಕಳೆದ ರಜೆಯಲ್ಲಿ ಮೂಡಿಗೆರೆಯ ಮಾವನ ಮನೆಗೆ ಹೋದಾಗ ಇಂಥದೊಂದು ಕಾರಿನ ಕೀ ನಿಜವಾಗಿಯೂ ನನ್ನ ಕೈಗೆ ಬಂತು. ಮಾವ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ, 1 ಲೀಟರ್, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಗೇರ್ ಮ್ಯಾನ್ಯುಯಲ್. ನಾನು ಅಲ್ಲಿಯವರೆಗೆ ಓಡಿಸಿದ್ದು ಅಪ್ಪನ ಹಳೆಯ 1.2 ಲೀಟರಿನ ಸಾದಾ ಪೆಟ್ರೋಲ್ ಕಾರು ಮಾತ್ರ.

ಮೊದಲ ಅನುಭವ ನಿರಾಸೆಯದೇ. ಕಾರು ನಿಂತಿದ್ದಾಗ ಗೇರ್ ರಾಡ್‌ನಲ್ಲಿ ಸಣ್ಣ ನಡುಕ. ತೋಟದ ಏರಿನಲ್ಲಿ ಮೊದಲ ಗೇರ್ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಮುಗ್ಗರಿಸಿತು. ‘ಇದೇನಾ ಟರ್ಬೊ’ ಅಂದುಕೊಂಡೆ. ಮುಖ್ಯರಸ್ತೆಗೆ ಬಂದ ಮೇಲೆ ತಿಳಿಯಿತು. ಮೀಟರ್‌ನ ಮುಳ್ಳು 1,800 ಆರ್‌ಪಿಎಂ ದಾಟುತ್ತಿದ್ದಂತೆ ಯಾರೋ ಹಿಂದಿನಿಂದ ಬೆನ್ನಿಗೆ ಕೈಯಿಟ್ಟು ತಳ್ಳಿದ ಹಾಗೆ. ಬಾನೆಟ್ ಒಳಗಿನಿಂದ ತೆಳ್ಳನೆಯ ಸಿಳ್ಳೆ. ಅಪ್ಪನ ಕಾರಿನಲ್ಲಿ ಎರಡನೇ ಗೇರ್‌ಗೆ ಇಳಿಸಿ ಎಂಜಿನ್ ಅರಚಿಸಬೇಕಾದ ಏರನ್ನು ಇದು ಮೂರನೇ ಗೇರ್‌ನಲ್ಲಿ ಸದ್ದಿಲ್ಲದೆ ಹತ್ತಿತು.

ಹಾಗೇಕೆ ಎನ್ನುವುದು ನಮ್ಮ ಪಠ್ಯದಲ್ಲೇ ಇದೆ. ಎಂಜಿನ್‌ನಿಂದ ಹೊರಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊಸ ಗಾಳಿಯನ್ನು ಒತ್ತಿ ಸಿಲಿಂಡರ್ ಒಳಗೆ ತುಂಬುತ್ತದೆ. ಹೆಚ್ಚು ಗಾಳಿ ಎಂದರೆ ಹೆಚ್ಚು ಪೆಟ್ರೋಲ್ ಉರಿಸಬಹುದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ನಮ್ಮ ಸಣ್ಣ ಕಾರುಗಳಿಗೆ ಇದು ಹೇಳಿ ಮಾಡಿಸಿದಂತಿದ್ದುದಕ್ಕೆ ತೆರಿಗೆಯೂ ಒಂದು ಕಾರಣ. 2006ರ ಕೇಂದ್ರ ಬಜೆಟ್‌ನಲ್ಲಿ 4 ಮೀಟರ್ ಉದ್ದ, 1,200 ಸಿಸಿ ಮೀರದ ಪೆಟ್ರೋಲ್ ಕಾರುಗಳ ಅಬಕಾರಿ ಸುಂಕ ಶೇ 24ರಿಂದ ಶೇ 16ಕ್ಕೆ ಇಳಿಯಿತು. ಜಿಎಸ್‌ಟಿ ಬಂದ ಮೇಲೂ ಆ ಗೆರೆ ಉಳಿಯಿತು. ಎಂಜಿನ್ ದೊಡ್ಡದು ಮಾಡಿದರೆ ತೆರಿಗೆ ಜಾಸ್ತಿ. ಹಾಗಾಗಿ ಸಣ್ಣ ಎಂಜಿನ್‌ಗೇ ಗಾಳಿ ತುಂಬುವುದು ಲಾಭ.

ಅಂಕಿಗಳನ್ನೇ ನೋಡಿ. ಬಲೆನೊದ 1.2 ಲೀಟರ್ ಸಾದಾ ಎಂಜಿನ್‌ನ ಗರಿಷ್ಠ ಟಾರ್ಕ್ 113 ನ್ಯೂಟನ್ ಮೀಟರ್, ಅದು ಸಿಗುವುದು 4,400 ಆರ್‌ಪಿಎಂನಲ್ಲಿ. ಐ20ಯ 1 ಲೀಟರ್ ಟರ್ಬೊ ಕೊಡುವುದು 172 ನ್ಯೂಟನ್ ಮೀಟರ್, ಅದೂ 1,500ರಿಂದ 4,000 ಆರ್‌ಪಿಎಂವರೆಗೆ. ಎಂಜಿನ್ ಚಿಕ್ಕದು, ಎಳೆಯುವ ಶಕ್ತಿ ಒಂದೂವರೆ ಪಟ್ಟು.

ಮರುದಿನ ಅಮ್ಮ, ಮಾವ ಇಬ್ಬರನ್ನೂ ಕೂರಿಸಿಕೊಂಡು ಆಲ್ದೂರು, ಚಿಕ್ಕಮಗಳೂರು ದಾಟಿ ಮುಳ್ಳಯ್ಯನಗಿರಿಗೆ ಹೊರಟೆ. 1,930 ಮೀಟರ್ ಎತ್ತರದ ಆ ತುದಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟಕ್ಕಿಂತ ಸುಮಾರು ಆರನೇ ಒಂದು ಭಾಗ ಕಡಿಮೆ. ಸಾದಾ ಎಂಜಿನ್ ಅಲ್ಲಿ ಏದುಸಿರು ಬಿಡುತ್ತದೆ. ಟರ್ಬೊ ತೆಳು ಗಾಳಿಯನ್ನೂ ಒತ್ತಿ ತುಂಬುವುದರಿಂದ ಅಷ್ಟಾಗಿ ಸೋಲುವುದಿಲ್ಲ. ಏರಿನುದ್ದಕ್ಕೂ ಎರಡನೇ, ಮೂರನೇ ಗೇರ್‌ನಲ್ಲಿ ಮುಳ್ಳು 2,500ರ ಆಸುಪಾಸಿನಲ್ಲೇ ಇತ್ತು. ಕಾಲು ಒತ್ತಿದಾಗಲೆಲ್ಲ ಕಾರು ತಕ್ಷಣ ನುಗ್ಗುತ್ತಿತ್ತು. ‘ಇದರ ಪಿಕಪ್ಪೇ ಪಿಕಪ್ಪು ಮಾವ’ ಎಂದು ಬೀಗಿದೆ.

ಬೀಗಿದ್ದು ವಾಪಸು ಬರುವಾಗ ಇಳಿಯಿತು. ಆಲ್ದೂರು ದಾಟಿದ ಮೇಲೆ ಮೂಟೆ ತುಂಬಿದ ಲಾರಿಯೊಂದು ಮುಂದೆ ಸಿಕ್ಕಿತು. ಅದರ ಹಿಂದೆ ನಾಲ್ಕನೇ ಗೇರ್‌ನಲ್ಲಿ, ಗಂಟೆಗೆ 40 ಕಿ.ಮೀ ವೇಗದಲ್ಲಿ ಬರುತ್ತಿದ್ದೆ. ರಸ್ತೆ ಖಾಲಿ ಕಂಡಿತು. ಬಲಕ್ಕೆ ತೆಗೆದು ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಏನೂ ಆಗಲಿಲ್ಲ. ಕಾರು ಲಾರಿಯ ಪಕ್ಕದಲ್ಲೇ ತೇಲಿದಂತಿತ್ತು. ಅಷ್ಟರಲ್ಲಿ ತಿರುವಿನಿಂದ ಬಸ್ಸು. ಅದೇ ಹೊತ್ತಿಗೆ ಟರ್ಬೊ ಎದ್ದು ಕಾರು ಮುಂದಕ್ಕೆ ಜಿಗಿಯಿತು, ಯಾವಾಗ ಬೇಡವಾಗಿತ್ತೋ ಆಗಲೇ. ಬ್ರೇಕ್ ತುಳಿದು ಲಾರಿಯ ಹಿಂದಕ್ಕೆ ಸೇರಿಕೊಂಡೆ. ಬಸ್ಸು ಹಾರ್ನ್ ಹೊಡೆಯುತ್ತಲೇ ಹೋಯಿತು.

ಸ್ವಲ್ಪ ದೂರ ಬಂದ ಮೇಲೆ ಮಾವ ಹೇಳಿದ್ದು ಇಷ್ಟೇ: ‘ಅದಿನ್ನೂ ಉಸಿರು ತಗೊಳ್ತಾ ಇತ್ತು ಕಣೋ. ನೀನು ಆಗಲೇ ಓಡು ಅಂದುಬಿಟ್ಟೆ.’ ಅಮ್ಮ ಏನೂ ಹೇಳಲಿಲ್ಲ. ಆದರೆ ಮೂಡಿಗೆರೆ ಬರುವ ತನಕ ಬಾಗಿಲ ಮೇಲಿನ ಹಿಡಿಕೆಯನ್ನೂ ಬಿಡಲಿಲ್ಲ.

ತಪ್ಪು ಕಾರಿನದಲ್ಲ, ನನ್ನದು. ನಾಲ್ಕನೇ ಗೇರ್‌ನಲ್ಲಿ 40ರ ವೇಗ ಎಂದರೆ ಎಂಜಿನ್ 1,300–1,400 ಆರ್‌ಪಿಎಂನಲ್ಲಿ ತಿರುಗುತ್ತಿರುತ್ತದೆ. ಹೊರಬರುವ ಹೊಗೆ ಕಡಿಮೆ, ಚಕ್ರ ನಿಧಾನ. ಕಾಲು ಒತ್ತಿದ ಮೇಲೆ ಹೊಗೆ ಹೆಚ್ಚಬೇಕು, ಚಕ್ರ ವೇಗ ಪಡೆಯಬೇಕು, ಒತ್ತಡ ಏರಬೇಕು. ಕಮ್ಮಾರ ತಿದಿ ಒತ್ತಿದ ಕೂಡಲೇ ಕೆಂಡ ನಿಗಿನಿಗಿ ಎನ್ನುವುದಿಲ್ಲ, ಅದಕ್ಕೊಂದು ಕ್ಷಣ ಬೇಕು. ಈ ಕ್ಷಣಕ್ಕೇ ಟರ್ಬೊ ಲ್ಯಾಗ್ ಎನ್ನುತ್ತಾರೆ. ಪಠ್ಯದಲ್ಲಿ ಅದಕ್ಕೆ ಎರಡು ಅಂಕದ ಉತ್ತರ ಬರೆದಿದ್ದೆ, ಪೂರ್ತಿ ಅಂಕವೂ ಬಂದಿತ್ತು.

ಆ ರಾತ್ರಿ ಲೆಕ್ಕ ಹಾಕಿದೆ. ನನ್ನ ವೇಗ 40, ಬಸ್ಸಿನದು 60 ಎಂದಿಟ್ಟುಕೊಂಡರೂ ನಾವಿಬ್ಬರೂ ಸೆಕೆಂಡಿಗೆ ಸುಮಾರು 28 ಮೀಟರ್ ಹತ್ತಿರವಾಗುತ್ತಿದ್ದೆವು. ಟರ್ಬೊ ಏಳಲು ಒಂದೂವರೆ ಸೆಕೆಂಡು ಹಿಡಿದರೆ 42 ಮೀಟರ್ ರಸ್ತೆ ಹಾಗೇ ಮುಗಿದಿರುತ್ತದೆ. ಮೊದಲೇ ಮೂರಕ್ಕೋ ಎರಡಕ್ಕೋ ಗೇರ್ ಇಳಿಸಿ, ಎಂಜಿನ್ 2,000 ಆರ್‌ಪಿಎಂ ದಾಟಿದ ಮೇಲೆ ಹೊರಟಿದ್ದರೆ ಈ ನಷ್ಟ ಬಹುಮಟ್ಟಿಗೆ ತಪ್ಪುತ್ತಿತ್ತು. ತಿರುವಿರುವ ರಸ್ತೆಯಲ್ಲಿ ಹೊರಡದೇ ಇದ್ದಿದ್ದರೆ ಇನ್ನೂ ಒಳ್ಳೆಯದಿತ್ತು.

ಹಾಗಾದರೆ ಟರ್ಬೊ ಬೇಡವೇ? ಖಂಡಿತ ಬೇಕು. ನಾಲ್ಕು ಜನ ಕೂತು ಘಾಟಿ ಹತ್ತುವ ಸಂಸಾರಕ್ಕೆ ಇದಕ್ಕಿಂತ ಒಳ್ಳೆಯ ಸಣ್ಣ ಎಂಜಿನ್ ನನಗೆ ಕಂಡಿಲ್ಲ. ನನ್ನ ತಕರಾರು ನಾವು ಅದನ್ನು ಅಳೆಯುವ ರೀತಿಯ ಬಗ್ಗೆ. ಸೊನ್ನೆಯಿಂದ ನೂರು ಎಂಬ ಅಂಕಿ ನಮ್ಮ ರಸ್ತೆಯಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ? ಹಂಪ್, ಹಸು, ಶಾಲೆ, ಸಂತೆ ದಾಟಿ 40ಕ್ಕೆ ಇಳಿಯುವುದು, ಮತ್ತೆ ಏರುವುದು, ಇದೇ ನಮ್ಮ ಓಟ. ಪ್ರತಿ ಹಂಪ್‌ನಲ್ಲೂ ಮುಳ್ಳು ಕೆಳಗಿಳಿದು ಟರ್ಬೊ ಮಲಗುತ್ತದೆ. ಆದ್ದರಿಂದ ಕೇಳಬೇಕಾದ್ದು ಮೂರನೇ, ನಾಲ್ಕನೇ ಗೇರ್‌ನಲ್ಲಿ 40ರಿಂದ 80ಕ್ಕೆ ಎಷ್ಟು ಹೊತ್ತು, ಟಾರ್ಕ್ ಎಷ್ಟು ಆರ್‌ಪಿಎಂನಿಂದ ಶುರು ಎಂದು. ಟೆಸ್ಟ್ ಡ್ರೈವ್‌ಗೆ ಹೋದರೆ ಬೈಪಾಸ್‌ನಲ್ಲಿ ಒಬ್ಬರೇ ಹಾರಿಸಿಕೊಂಡು ಬರಬೇಡಿ. ಮನೆಯವರನ್ನೆಲ್ಲ ಕೂರಿಸಿ ಒಂದು ಏರು ಹತ್ತಿಸಿ, ಬೇಕೆಂದೇ ತಪ್ಪು ಗೇರ್‌ನಲ್ಲಿ ಒತ್ತಿ ನೋಡಿ.

ಇನ್ನೊಂದು ಮಾತು. ಅಪ್ಪನ ಕಾರು 80 ದಾಟಿದರೆ ಕೂಗಿ ಹೇಳುತ್ತದೆ. ಟರ್ಬೊ ಹೇಳುವುದಿಲ್ಲ. ಮೀಟರ್ ನೋಡಿದರಷ್ಟೇ ಗೊತ್ತಾಗುವುದು. ಹದಿನೆಂಟಕ್ಕೆ ಡಿಎಲ್ ಪಡೆಯುವಾಗ ನಾನು ಎಂಟು ಹಾಕಿ ತೋರಿಸಿದ್ದೆ, ರಿವರ್ಸ್ ತೆಗೆದಿದ್ದೆ. ಓವರ್‌ಟೇಕ್ ಮಾಡುವುದು ಹೇಗೆ, ಮಾಡಬಾರದ್ದು ಯಾವಾಗ ಎಂದು ಯಾರೂ ಕಲಿಸಲಿಲ್ಲ. ನಾನೂ ಕೇಳಲಿಲ್ಲ. ನಮ್ಮ ವಯಸ್ಸಿನವರ ಕೈಗೆ ಈಗ ನೂರು ಪಿಎಸ್‌ಗೂ ಮಿಕ್ಕ ಕಾರುಗಳು ಬರುತ್ತಿರುವಾಗ ಇದನ್ನಾದರೂ ನಾವೇ ಕೇಳಿ ಕಲಿಯಬೇಕು.

ಊರಿಗೆ ಹೊರಟ ದಿನ ಬಸ್ ಸ್ಟ್ಯಾಂಡಿನ ತನಕ ಓಡಿಸಲು ಮಾವ ಮತ್ತೆ ಕೀ ಕೊಟ್ಟರು. ಮುಂದೊಂದು ಲಾರಿ ಸಿಕ್ಕಿತು. ಕಾರು ಓಡಿಸಲು ಬಾರದ ಅಮ್ಮ ಹಿಂದಿನ ಸೀಟಿನಿಂದಲೇ ಕೇಳಿದರು: ‘ಗೇರ್ ಇಳಿಸಿದ್ಯೇನೋ?’