ಕೊರಳಿಗೆ ಹಾರ, ಸಂಬಳಕ್ಕೆ ಕತ್ತರಿ

ವಿಮಾನ ಚಾಲಕನೆಂದರೆ ನಮ್ಮ ಜನರ ಕಣ್ಣಿಗೆ ಒಬ್ಬ ಸಣ್ಣ ರಾಜ. ಬಿಳಿ ಅಂಗಿ, ಭುಜದ ಮೇಲೆ ಚಿನ್ನದ ಪಟ್ಟೆ, ಇಂದು ಈ ಊರು, ನಾಳೆ ಆ ಊರು. ಅಂಥವನ ಮಾತು ಕಾರ್ಮಿಕರ ಪತ್ರಿಕೆಯಲ್ಲಿ ಏಕೆ, ಅವನಿಗೇನು ಕಡಿಮೆ ಎಂದು ಕೆಲವು ಮಿತ್ರರು ಕೇಳಿಯಾರು. ಕೇಳಲಿ. ಅಮೆರಿಕದ ಒಬ್ಬ ಚಾಲಕನ ಕಥೆಯನ್ನೇ ಅವರ ಮುಂದಿಟ್ಟು ನಾವು ಉತ್ತರ ಹೇಳಬಯಸುತ್ತೇವೆ.

ಚೆಸ್ಲಿ ಸಲ್ಲೆನ್‌ಬರ್ಗರ್ ಅವರು 1951ರಲ್ಲಿ ಟೆಕ್ಸಸ್ ರಾಜ್ಯದ ಡೆನಿಸನ್ ಎಂಬ ಊರಿನಲ್ಲಿ ಹುಟ್ಟಿದವರು. ಹದಿನಾರನೆಯ ವಯಸ್ಸಿಗೇ ವಿಮಾನ ಹಾರಿಸಲು ಕಲಿತರು. 1973ರಲ್ಲಿ ವಾಯುಸೇನೆಯ ಅಕಾಡೆಮಿಯಿಂದ ಹೊರಬಂದು ಎಫ್-4 ಫ್ಯಾಂಟಮ್ ಎಂಬ ಯುದ್ಧವಿಮಾನವನ್ನು ನಡೆಸಿದರು. 1980ರಲ್ಲಿ ಸೇನೆ ಬಿಟ್ಟು ಪ್ರಯಾಣಿಕರ ವಿಮಾನ ಕಂಪೆನಿಯನ್ನು ಸೇರಿದರು. ಜನರ ತೆರಿಗೆಯ ಹಣದಿಂದ ಪಳಗಿದ ಕೈ ಹೀಗೆ ಕಂಪೆನಿಗೆ ಸಿದ್ಧವಾಗಿ ಸಿಕ್ಕಿತು. ಚಾಲಕರ ಸಂಘದಲ್ಲಿ ಸುರಕ್ಷತೆಯ ಕೆಲಸವನ್ನೂ ಅವರು ಹೊತ್ತರು. ಅಪಘಾತಗಳ ತನಿಖೆಯಲ್ಲಿಯೂ ಭಾಗವಹಿಸಿದರು.

2009ರ ಜನವರಿ 15ರಂದು ಅವರ ವಿಮಾನ ನ್ಯೂಯಾರ್ಕಿನ ಲಾಗ್ವಾರ್ಡಿಯಾ ನಿಲ್ದಾಣದಿಂದ ಮೇಲೇರಿತು. ಸುಮಾರು 2,800 ಅಡಿ ಎತ್ತರದಲ್ಲಿ ಹೆಬ್ಬಾತುಗಳ ಹಿಂಡು ಬಡಿದು ಎರಡು ಎಂಜಿನುಗಳೂ ಶಕ್ತಿ ಕಳೆದುಕೊಂಡವು. ಉಳಿದಿದ್ದುದು ಮೂರೂವರೆ ನಿಮಿಷ ಮಾತ್ರ. ಸಲ್ಲೆನ್‌ಬರ್ಗರ್ ಮತ್ತು ಅವರ ಜೊತೆಗಾರ ಜೆಫ್ರಿ ಸ್ಕೈಲ್ಸ್ ಆ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು. ಒಳಗಿದ್ದ ಮೂವರು ಪರಿಚಾರಿಕೆಯರು ಜನರನ್ನು ಹೊರಕ್ಕೆ ಕಳಿಸಿದರು. ದಿನವೂ ಜನರನ್ನು ದಡ ದಾಟಿಸುವ ಫೆರಿ ದೋಣಿಗಳ ನೌಕರರು ಕೆಲವೇ ನಿಮಿಷಗಳಲ್ಲಿ ಬಂದು ಅವರನ್ನು ಎತ್ತಿಕೊಂಡರು. 155 ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ.

ಲೋಕವೆಲ್ಲ ಇದನ್ನು ಪವಾಡವೆಂದಿತು. ಸಲ್ಲೆನ್‌ಬರ್ಗರ್ ಹೇಳಿದ್ದೇ ಬೇರೆ. ತಾವು 42 ವರ್ಷ ಅನುಭವದ ಬ್ಯಾಂಕಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಜಮೆ ಮಾಡುತ್ತ ಬಂದುದನ್ನು ಆ ದಿನ ಒಮ್ಮೆಗೇ ತೆಗೆಯಬೇಕಾಯಿತು ಎಂದರು. ದುಡಿದು ಬದುಕುವವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಆದರೆ ಹೀಗೆ ಜಮೆ ಮಾಡಿದವನನ್ನು ಕಂಪೆನಿ ನಡೆಸಿಕೊಂಡ ಬಗೆ ಹೇಗೆ? ಅದೇ ಫೆಬ್ರವರಿ 24ರಂದು ಅಮೆರಿಕದ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಅವರು ಅದನ್ನೂ ಹೇಳಿದರು. ಯು.ಎಸ್. ಏರ್‌ವೇಸ್ ಕಂಪೆನಿ 2002 ಮತ್ತು 2004ರಲ್ಲಿ ಎರಡು ಸಲ ದಿವಾಳಿ ಕೋರ್ಟಿನ ಮೆಟ್ಟಿಲು ಹತ್ತಿತ್ತು. ಅವರ ಸಂಬಳ ನೂರಕ್ಕೆ ನಲವತ್ತರಷ್ಟು ಇಳಿದಿತ್ತು. ನಂಬಿಕೊಂಡಿದ್ದ ಪೆನ್ಶನು ರದ್ದಾಗಿ, ಅದಕ್ಕೆ ಬದಲಾಗಿ ಬಂದ ಖಾತರಿ ರೂಪಾಯಿಗೆ ಕಾಸಿನಷ್ಟಾಗಿತ್ತು. ತಮ್ಮ ಮಕ್ಕಳು ಈ ವೃತ್ತಿಗೆ ಬರಲೆಂದು ಬಯಸುವ ಒಬ್ಬ ಚಾಲಕನನ್ನೂ ತಾವು ಕಾಣೆವೆಂದರು. ಅವರ ಜೊತೆಗಾರ ಸ್ಕೈಲ್ಸ್ ಸಂಸಾರ ಸಾಗಿಸಲು ಇನ್ನೊಂದು ಉದ್ಯೋಗವನ್ನೂ ಮಾಡುತ್ತಿದ್ದವರು!

ಇದು ಕೇವಲ ಹಣದ ಪ್ರಶ್ನೆಯೇ? ಅಲ್ಲ. ಅದೇ ಫೆಬ್ರವರಿ 12ರಂದು ಬಫಲೋ ನಗರದ ಬಳಿ ಕೋಲ್ಗನ್ ಏರ್ ಕಂಪೆನಿಯ ವಿಮಾನ ಬಿದ್ದು 50 ಜನ ಸತ್ತರು. ಚಾಲಕರು ತಪ್ಪಾಗಿ ನಡೆಸಿದ್ದೇ ಕಾರಣವೆಂದು ತನಿಖೆ ಹೇಳಿತು. ಆದರೆ ಹಿಂದಿನ ರಾತ್ರಿ ಒಬ್ಬರು ನಿಲ್ದಾಣದ ಸಿಬ್ಬಂದಿಯ ಕೋಣೆಯಲ್ಲಿ ಮಲಗಿದ್ದರು, ಇನ್ನೊಬ್ಬರು ಕೆಲಸದ ಊರು ಸೇರಲು ರಾತ್ರಿಯಿಡೀ ಪ್ರಯಾಣ ಮಾಡಿದ್ದರು ಎಂಬುದೂ ಹೊರಬಿತ್ತು. ಸತ್ತವರ ಬಂಧುಗಳೂ ಚಾಲಕರ ಸಂಘಗಳೂ ಬಿಡದೆ ಒತ್ತಾಯಿಸಿದ ಮೇಲೆ, 2014ರಲ್ಲಿ ಚಾಲಕರಿಗೆ ಕೆಲಸಕ್ಕೆ ಮುಂಚೆ 10 ಗಂಟೆಯ ವಿರಾಮ, ಅದರಲ್ಲಿ 8 ಗಂಟೆ ನಿದ್ದೆಗೆ ಅವಕಾಶ ಎಂಬ ನಿಯಮ ಜಾರಿಗೆ ಬಂತು. ಸರಕು ವಿಮಾನದ ಚಾಲಕರನ್ನು ಮಾತ್ರ ಅದರಿಂದ ಹೊರಗಿಟ್ಟರು. ಪೆಟ್ಟಿಗೆ ಸಾಗಿಸುವವನ ಕಣ್ಣಿಗೆ ನಿದ್ದೆ ಬೇಡವೇ? ಪರಿಚಾರಿಕೆಯರ ಹತ್ತು ಗಂಟೆಯ ವಿರಾಮಕ್ಕೆ 2018ರಲ್ಲಿ ಕಾನೂನಾದರೂ ನಿಯಮ ಹೊರಬಿದ್ದುದು 2022ರಲ್ಲಿ.

ನಮ್ಮ ದೇಶದ ಸಂಗತಿಯೂ ದೂರದ್ದಲ್ಲ. 2025ರಲ್ಲಿ ಚಾಲಕರ ವಾರದ ವಿರಾಮ 36 ಗಂಟೆಯಿಂದ 48ಕ್ಕೆ ಏರಿತು. ಆ ವರ್ಷದ ಡಿಸೆಂಬರಿನಲ್ಲಿ ದೊಡ್ಡ ಕಂಪೆನಿಯೊಂದಕ್ಕೆ ಹೊಸ ನಿಯಮಕ್ಕೆ ಬೇಕಾದಷ್ಟು ಚಾಲಕರೇ ಇಲ್ಲದೆ ಸಾವಿರಾರು ಹಾರಾಟಗಳು ರದ್ದಾದವು. ಆಗ ಸಡಿಲವಾದದ್ದು ಯಾವುದು? ರಾತ್ರಿ ಕೆಲಸದ ನಿಯಮ!

ಚಾಲಕನ ಕಷ್ಟವೂ ತಟ್ಟೆ ತೊಳೆಯುವ ಹುಡುಗನ ಕಷ್ಟವೂ ಒಂದೇ ಎಂದು ನಾವು ಹೇಳುವುದಿಲ್ಲ. ಸಂಬಳದಲ್ಲಿ ಅಜಗಜಾಂತರವಿದೆ. ಆದರೆ ನಷ್ಟ ಬಂದಾಗ ಮೊದಲು ಕೈಹಾಕುವುದು ದುಡಿಯುವವನ ನಿದ್ದೆಗೆ, ಮುಪ್ಪಿನ ಕಾಸಿಗೆ ಎಂಬ ರೀತಿ ಇಬ್ಬರಿಗೂ ಒಂದೇ. ಪಟ್ಟೆ ತೊಟ್ಟವನೂ ಸಂಘವಿಲ್ಲದೆ ಇದನ್ನು ಎದುರಿಸಲಾರ ಎಂದಮೇಲೆ ಉಳಿದವರ ಪಾಡೇನು?

ಈಗ ನಮ್ಮ ಬಂಧುಗಳೂ ಊರಿಗೆ ವಿಮಾನದಲ್ಲಿ ಹೋಗಿಬರುತ್ತಾರೆ. ಹತ್ತುವ ಮುನ್ನ ಟಿಕೇಟಿನ ಬೆಲೆ ಕೇಳುತ್ತೇವೆ. ಮುಂದೆ ಕುಳಿತವನು ನಿನ್ನೆ ಎಷ್ಟು ಹೊತ್ತು ಮಲಗಿದ್ದ ಎಂದೂ ಕೇಳಲು ಕಲಿಯೋಣ. ಅವನು ವಿರಾಮಕ್ಕಾಗಿ ದನಿಯೆತ್ತಿದ ದಿನ, ನಮ್ಮ ಪ್ರಯಾಣ ತಡವಾಯಿತೆಂದು ಅವನನ್ನು ಬೈಯದೆ, ಅವನ ಪಕ್ಕದಲ್ಲಿ ನಿಲ್ಲೋಣ.