ಚೆಸ್ ಸಾಫ್ಟ್‌ವೇರ್ ಪುಕ್ಕಟೆ, ಕನ್ನಡದ ಕೈಪಿಡಿ ಎಲ್ಲಿ?

2024ರ ಡಿಸೆಂಬರ್‌ನಲ್ಲಿ 18 ವರ್ಷದ ಡಿ. ಗುಕೇಶ್ ವಿಶ್ವ ಚಾಂಪಿಯನ್ ಆದರು. ಆಮೇಲಿಂದ ಒಂದು ಮಾತು ಪದೇಪದೇ ಕೇಳಿಬರ್ತಿದೆ: ಚೆಸ್ ಕಲಿಯೋಕೆ ಈಗ ದುಡ್ಡು ಬೇಡ, ಮೊಬೈಲ್ ಇದ್ದರೆ ಸಾಕು. ಈ ಮಾತು ಅರ್ಧ ನಿಜ.

ಲಿಚೆಸ್ 2010ರಲ್ಲಿ ಫ್ರಾನ್ಸ್‌ನ ಪ್ರೋಗ್ರಾಮರ್ ಥಿಬೋ ಡುಪ್ಲೆಸಿ ಶುರು ಮಾಡಿದ ಓಪನ್ ಸೋರ್ಸ್ ಜಾಲತಾಣ. ಅದರಲ್ಲಿ ಜಾಹೀರಾತು ಇಲ್ಲ, ದೇಣಿಗೆಯಿಂದ ನಡೆಯುತ್ತೆ. ವಿಶ್ವ ಚಾಂಪಿಯನ್‌ನನ್ನೂ ಸೋಲಿಸಬಲ್ಲ ಸ್ಟಾಕ್‌ಫಿಶ್ ಎಂಜಿನ್ ಕೂಡ ಓಪನ್ ಸೋರ್ಸ್. ಅದರ ಕೋಡ್ ಬಳಸಿದ ಚೆಸ್‌ಬೇಸ್ ಕಂಪನಿ ಲೈಸೆನ್ಸ್ ನಿಯಮ ಪಾಲಿಸಿಲ್ಲ ಅಂತ ಡೆವಲಪರ್‌ಗಳು 2021ರಲ್ಲಿ ಜರ್ಮನಿಯ ಕೋರ್ಟಿಗೆ ಹೋದರು. 2022ರಲ್ಲಿ ರಾಜಿ ಆಯಿತು. ಅಂದರೆ ಬಳಕೆದಾರರ ಹಕ್ಕಿಗಾಗಿ ಬಡಿದಾಡುವವರು ಇದ್ದಾರೆ.

ಆದರೆ ಆ ಹಕ್ಕು ಜೇವರ್ಗಿಗೆ ಬಂದು ಮುಟ್ಟುತ್ತಾ?

ಜೇವರ್ಗಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಪಿಟಿ ಮಾಸ್ತರ್ ಸ್ಟಾಕ್‌ಫಿಶ್ ಡೌನ್‌ಲೋಡ್ ಮಾಡಿಕೊಂಡರು ಅಂದುಕೊಳ್ಳಿ. ಡಬಲ್ ಕ್ಲಿಕ್ ಮಾಡಿದರೆ ಚೆಸ್ ಬೋರ್ಡ್ ಬರಲ್ಲ. ಒಂದು ಕಪ್ಪು ಕಿಟಕಿ, ಒಂದು ಸಾಲು ಇಂಗ್ಲಿಷ್, ಮಿಣುಕುವ ಕರ್ಸರ್, ಅಷ್ಟೇ. ಸ್ಟಾಕ್‌ಫಿಶ್ ಬರೀ ಎಂಜಿನ್, ಬೋರ್ಡ್ ತೋರಿಸೋಕೆ ಬೇರೆ ಪ್ರೋಗ್ರಾಂ ಬೇಕು. ಇದು ಡೆವಲಪರ್‌ಗೆ ಗೊತ್ತು. ಮಾಸ್ತರಿಗೆ ಫೈಲೇ ಕೆಟ್ಟಿದೆ ಅನ್ಸುತ್ತೆ. ಕಥೆ ಅಲ್ಲಿಗೆ ಮುಗೀತು.

ಬೋರ್ಡ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಪಕ್ಕದಲ್ಲಿ +1.00 ಅಂತ ಬರುತ್ತೆ. ಒಂದು ಪದಾತಿ ಹೆಚ್ಚಿದೆ ಅಂತಲಾ? ಸ್ಟಾಕ್‌ಫಿಶ್‌ನ ಈಚಿನ ಆವೃತ್ತಿಗಳಲ್ಲಿ ಅದರ ಅರ್ಥ ಬೇರೆ: ಎಂಜಿನ್ ತನ್ನ ವಿರುದ್ಧ ತಾನೇ ಆಡಿದರೆ ಬಿಳಿ ಗೆಲ್ಲುವ ಸಾಧ್ಯತೆ ಶೇ 50. ಏಳನೇ ಕ್ಲಾಸಿನ ಹುಡುಗಿಗೆ ಅದು ಗೆಲುವಿನ ಭರವಸೆ ಅಲ್ಲ. ಇದನ್ನು ವಿವರಿಸುವ ಅಧಿಕೃತ ಕೈಪಿಡಿ ಇರೋದು ಇಂಗ್ಲಿಷಿನಲ್ಲಿ.

ಲಿಚೆಸ್‌ನ ಭಾಷಾ ಪಟ್ಟಿಯಲ್ಲಿ ಕನ್ನಡ ಇದೆ, ಅದಕ್ಕಾಗಿ ದುಡಿದ ಸ್ವಯಂಸೇವಕರಿಗೆ ಶರಣು. ಆದರೆ ಬಟನ್ ಮೇಲಿನ ಪದ ಬದಲಾದರೆ ಕೈಪಿಡಿ ಆಗಲ್ಲ. ಇಮೇಲ್ ಇಲ್ಲದ ಮಕ್ಕಳಿಗೂ ಶಿಕ್ಷಕರು ಖಾತೆ ತೆರೆದುಕೊಡುವ ಸೌಲಭ್ಯ ಅದರಲ್ಲಿದೆ. ಅಪರಿಚಿತರ ಚಾಟ್, ಮೆಸೇಜ್ ಬಂದ್ ಮಾಡುವ 'ಕಿಡ್ ಮೋಡ್' ಇದೆ. ಸರ್ಕಾರಿ ಶಾಲೆಗೆ ಬೇಕಾಗಿರೋದೇ ಇವು. ಇವೆ ಅಂತ ಹೇಳೋರು ಯಾರು?

"ಯಂತ್ರಾನುವಾದ ಇದೆಯಲ್ಲ" ಅಂತೀರಾ? 'ಚೆಕ್' ಅನ್ನೋದು 'ಪರಿಶೀಲಿಸಿ' ಆಗಿ, 'ಬಿಷಪ್' ಒಬ್ಬ ಪಾದ್ರಿ ಆಗಿ ಬಂದರೆ ಮಗು ಆಡೋದೇನು? ನಮಗೆ ಅದು ಒಂಟೆ. ಇನ್ನು ರಾಣಿಯೋ, ಮಂತ್ರಿಯೋ? ಮರಾಠಿ, ಉರ್ದು ಎರಡರಲ್ಲೂ ಅದು ವಜೀರ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಆಳಂದ, ಅಫಜಲಪುರಗಳ ಬೀದಿಯಲ್ಲಿ ಈ ಎರಡು ಭಾಷೆಯೂ ಕನ್ನಡದ ಜೊತೆಗೇ ಓಡಾಡುತ್ತವೆ. ಈ ಪದಗಳನ್ನು ಬೆಂಗಳೂರಲ್ಲಿ ಕೂತು ತೀರ್ಮಾನಿಸೋಕಾಗಲ್ಲ. ಮಂತ್ರಿ ಅಂತ ಬರೆದು ಪಕ್ಕದಲ್ಲಿ ವಜೀರ ಅಂತಲೂ ಬರೆದರೆ ಕನ್ನಡಕ್ಕೆ ನಷ್ಟ ಏನಿಲ್ಲ.

ಇಲ್ಲಿ ಪ್ರಶ್ನೆ ಬರೀ ಚೆಸ್ ಅಲ್ಲ. 2002ರ ನಂಜುಂಡಪ್ಪ ವರದಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಇದ್ದವು. ಆಮೇಲೆ 371(ಜೆ) ಬಂತು, ಮಂಡಳಿ ಬಂತು. 2025-26ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಘೋಷಿಸಿದ್ದು 5,000 ಕೋಟಿ ರೂಪಾಯಿ. ಅದೇ 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ಕೊನೆಯ ಸ್ಥಾನದಲ್ಲಿತ್ತು. ಕಟ್ಟಡ, ಕಂಪ್ಯೂಟರ್, ಟಿ.ವಿ. ಪರದೆಗೆ ಟೆಂಡರ್ ಕರೆಯಬಹುದು, ರಿಬ್ಬನ್ ಕತ್ತರಿಸಬಹುದು. ಕೈಪಿಡಿಗೆ ಯಾರೂ ರಿಬ್ಬನ್ ಕತ್ತರಿಸಲ್ಲ. ಆದರೆ ಅದಿಲ್ಲದಿದ್ದರೆ ಪುಕ್ಕಟೆ ಸಾಫ್ಟ್‌ವೇರಿನ ಲಾಭ ಆಗೋದು ಯಾರಿಗೆ? ಇಂಗ್ಲಿಷ್ ಓದಬಲ್ಲ, ಕೋಚಿಂಗ್ ಫೀಸು ಕಟ್ಟಬಲ್ಲ ಮನೆಯ ಮಕ್ಕಳಿಗೇ.

ಪರಿಹಾರ ದುಬಾರಿ ಏನಲ್ಲ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರೋದೇ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ಅಲ್ಲಿನ ವಿದ್ಯಾರ್ಥಿಗಳಿಗೆ ಮಂಡಳಿ ಸಂಭಾವನೆ ಕೊಟ್ಟು ಬರೆಸಬಹುದು. ಸಾವಿರ ಪುಟದ ಗ್ರಂಥ ಬೇಡ. 'ಬೋರ್ಡ್ ಬರ್ತಿಲ್ಲ, ಏನು ಮಾಡಲಿ?', 'ನನ್ನ ಕ್ಲಾಸಿಗೆ ಖಾತೆ ತೆರೆಯೋದು ಹೇಗೆ?', 'ಈ ಪ್ಲಸ್, ಮೈನಸ್ ಏನು?' ಇಂಥ ಹತ್ತು ಪ್ರಶ್ನೆಗೆ ಒಂದೊಂದು ಪುಟದ ಉತ್ತರ ಸಾಕು. ಗೋಡೆಗೆ ಅಂಟಿಸುವಂತಿರಲಿ, ವಾಟ್ಸ್ಆ್ಯಪ್‌ನಲ್ಲಿ ಕಳಿಸುವಂತಿರಲಿ. ಯಾರು ಬೇಕಾದರೂ ತಿದ್ದಿ ಹಂಚುವ ಮುಕ್ತ ಲೈಸೆನ್ಸ್ ಇರಲಿ.

ಪರೀಕ್ಷೆಯೂ ಸರಳ. ಬರೆದದ್ದನ್ನು ಒಬ್ಬ ಮಾಸ್ತರ ಕೈಗೆ ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಅವರು ಎಲ್ಲಿ ಸಿಕ್ಕಿಹಾಕಿಕೊಂಡರೋ ಅಲ್ಲಿ ತಪ್ಪು ಕೈಪಿಡಿಯದು, ಮಾಸ್ತರದಲ್ಲ. ಕೋಡ್‌ನಲ್ಲಿ ಬಗ್ ಸಿಕ್ಕರೆ ರಾತ್ರಿಯೆಲ್ಲಾ ಕೂತು ಸರಿಮಾಡುವ ನಮ್ಮ ಎಂಜಿನಿಯರ್‌ಗಳು ಇದನ್ನೂ ಬಗ್ ಅಂತ ಒಪ್ಪಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಉಳಿದರ್ಧಕ್ಕೆ ಮಂಡಳಿಯ ಮುಂದಿನ ಕ್ರಿಯಾಯೋಜನೆಯಲ್ಲಿ ಒಂದು ಸಾಲು ಬೇಕು. ಆ ಸಾಲು ಎಲ್ಲಿದೆ ಅಂತ ಈ ಮೂರೂ ಕ್ಷೇತ್ರದ ಶಾಸಕರನ್ನು ಕೇಳೋಣ.